ಸೋಡಾ ಆವುಲಪ್ಪನ ಚಿನ್ನ

...ನಗೋದು ಸಾಕು ಕಣೇ ಚಿನ್ನಾ, ಆ ಬಾಟ್ಲಿ ಇತ್ಲಾಗೆ ಕೊಡು. ಅಪ್ಪ ಹೋಗಿ ಇವತ್ತಿಗೆ ಹತ್ತು ದಿನ. ಇಬ್ರು ಹೆಣ್ಮಕ್ಕಳೂ ಅಂಗಡೀಲಿ ಕೂತು ಕಿಸಿಕಿಸಿ ಅಂತಿದಾರೆ ಅಂತ ಶಿಡ್ಲಘಟ್ಟ ಪೂರ್ತಿ ಆಡ್ಕೊಳ್ಳುತ್ತೆ. ...ಹೂಂ, ನಗಿಸಿದ್ದು ನಾನೇ, ಒಪ್ಕೊಂಡೆ. ಆದ್ರೆ ಸುಳ್ಳು ಹೇಳಿದ್ನಾ? ಸೋಡಾ ಬಾಟ್ಲಿ ಬಾಯಿಗೆ ಹಾಕೋ ರಬ್ಬರ್ ವಾಷರನ್ನ ನಿನ್ನ ಜಡೆ ತುದಿಗೆ ಹಾಕಿ ಸ್ಕೂಲಿಗೆ ಕಳಿಸ್ತಿರಲಿಲ್ವಾ ಅಪ್ಪ?

ರಿಬ್ಬನ್ ತಂದುಕೊಟ್ರೆ ಸಂಜೆಯೊಳಗೆ ಕಳ್ಕೊಂಡು ಬರೋಳು ನೀನು. ಅಪ್ಪ ಇನ್ನೇನು ಮಾಡ್ತಾನೆ? ಪಾಪ, ಅಮ್ಮ ಹೋದಾಗ ನಿಂಗೆ ಮೂರು ವರ್ಷ, ನಂಗೆ ಆರು. ಇನ್ನೊಂದು ಮದುವೆ ಮಾಡ್ಕೊಳಯ್ಯ ಆವುಲಪ್ಪ ಅಂತ ಬಂದೋರು ಒಬ್ರಾ ಇಬ್ರಾ! ಬಂದೋರಿಗೆಲ್ಲಾ ಒಂದೊಂದು ಶುಂಠಿ ಸೋಡಾ ಕುಡಿಸಿ, ತೇಗು ಬರಿಸಿ, ವಾಪಸ್ ಕಳಿಸ್ದ. ಆಮೇಲೆ ಪಕ್ಕದ್ಮನೆ ಮಂಗಮ್ಮನ ಮುಂದೆ ಕೂತು ಜಡೆ ಹೆಣೆಯೋದು ಕಲಿತ. ಎತ್ತಿನ ಹಗ್ಗ ಹೊಸೆದಂಗೆ ಎಳೆದು ಎಳೆದು ಹೆಣೀತಿದ್ದ. ಕಣ್ಣೇ ಮುಚ್ಚೋಕಾಗ್ತಿರಲಿಲ್ಲ ನಂಗೆ!

ನೋಡು, ಈ ಮಿಷನ್ ಇನ್ನೂ ಹೆಂಗೆ ಹೊಳೀತಿದೆ. ದಿನಾ ಒರೆಸ್ತಿದ್ದ. ರೇಷ್ಮೆಗೂಡು ಮಾರೋಕೆ ಜಂಗಮಕೋಟೆ ಕಡೆಯಿಂದ ರೈತರು ಬರೋರಲ್ಲ, ಅವರು ಬಂದು ನಿಲ್ಲೋ ಹೊತ್ತಿಗೆ ಐವತ್ತು ಬಾಟ್ಲಿ ರೆಡಿ ಇಟ್ಟಿರೋನು. ಗ್ಯಾಸ್ ತುಂಬಿ ತಿರುಗಿಸೋವಾಗ ಬಾಟ್ಲಿ ಸಿಡಿಯೋದು. ಎಡಗೈ ಮೇಲೆ ಗಾಯ ಇಲ್ಲದ ಜಾಗ ಇರಲಿಲ್ಲ. ನಮ್ಮಿಬ್ರನ್ನ ಮಾತ್ರ ಮಿಷನ್ ಹತ್ರಕ್ಕೆ ಬಿಡ್ತಿರಲಿಲ್ಲ. ಒಳಗೆ ಗೋಣಿಚೀಲದ ಮರೇಲಿ ಕೂತು ಓದ್ಕೊಳ್ಳಿ ಅನ್ನೋನು. ನೀನು ಓದ್ತಿದ್ದೆ. ನಾನು ಗೋಣಿಚೀಲದ ತೂತಲ್ಲಿ ಬೀದಿ ನೋಡ್ತಿದ್ದೆ.

ಮತ್ತೆ ಬೋರ್ಡು! ಮನೇಲಿ ತೆಲುಗು, ಬೀದೀಲಿ ಕನ್ನಡ, ಅಕ್ಷರ ಎರಡರಲ್ಲೂ ಇಲ್ಲ. ನಿನ್ನ ಒಂದನೇ ಕ್ಲಾಸ್ ಪುಸ್ತಕ ಇಟ್ಕೊಂಡು ಕಲಿತು, ತಾನೇ ಬರೆದ, 'ಅವುಲಪ್ಪ ಸೊಡ' ಅಂತ. ನೀನು ಇಷ್ಟೆತ್ತರ ಇದ್ದೆ, ಸ್ಟೂಲ್ ಹಾಕ್ಕೊಂಡು ಹತ್ತಿ ಸೀಮೆಸುಣ್ಣದಲ್ಲಿ ದೀರ್ಘ ಎಲ್ಲಾ ಹಾಕ್ದೆ. ಬಂದ ಗಿರಾಕಿಗೆಲ್ಲಾ ಅದನ್ನೇ ತೋರಿಸ್ತಿದ್ದ ಒಂದು ತಿಂಗಳು. ನಂಗೆ ಮೈಯೆಲ್ಲಾ ಉರಿಯೋದು.

...ಹೊಟ್ಟೆಕಿಚ್ಚೇ ಕಣೇ. ಆಗದೆ ಇರುತ್ತಾ? ಅಪ್ಪನ ಬಾಯಲ್ಲಿ ನಾನು ಪೆದ್ದಪಾಪ, ನೀನು ಚಿನ್ನಪಾಪ. ತೆಲುಗಲ್ಲಿ ಸರಿ, ದೊಡ್ಡೋಳು ಚಿಕ್ಕೋಳು. ಬರ್ತಾ ಬರ್ತಾ 'ಪಾಪ' ಉದುರಿಹೋಯ್ತು. ಬರೀ ಪೆದ್ದಾ, ಚಿನ್ನಾ. ಕನ್ನಡದೋರ ಬೀದೀಲಿ ನಿಂತು ಏ ಪೆದ್ದಾ, ಏ ಚಿನ್ನಾ ಅಂತ ಕೂಗಿದ್ರೆ ಜನ ಏನು ತಿಳ್ಕೋತಾರೆ? ಒಬ್ಳಿಗೆ ಬುದ್ಧಿ ಇಲ್ಲ, ಇನ್ನೊಬ್ಳು ಬಂಗಾರ! ಸ್ಕೂಲಲ್ಲಿ ಎಲ್ರೂ ನನ್ನ ಪೆದ್ದಿ ಅಂತಲೇ ಕರೆಯೋರು. ಅಮ್ಮಾಜಮ್ಮ ಅಂತ ನಂಗೊಂದು ಹೆಸರಿದೆ ಅನ್ನೋದೇ ಮದುವೆ ಕಾಗದ ಬಂದಾಗ ಜನಕ್ಕೆ ಗೊತ್ತಾಯ್ತು.

ಅದಕ್ಕೇ ಹೇಳಿದ್ದು, ನಾಳೆ ಹನ್ನೊಂದನೇ ದಿನದ ಊಟಕ್ಕೆ ಎಲ್ಲಾ ಬರ್ತಾರೆ. ಊಟ ಆಗಿ ಎಲೆ ಅಡಿಕೆ ಕೈಗೆ ಬಂದ ತಕ್ಷಣ ಯಾರಾದ್ರೂ ಕೇಳೇ ಕೇಳ್ತಾರೆ, ಆವುಲಪ್ಪನ ಚಿನ್ನದ ಕಥೆ ಹೇಳಿ ಅಂತ. ಯಾವ ಮದುವೇಲಿ, ಯಾವ ನಾಮಕರಣದಲ್ಲಿ ಹೇಳಿಲ್ಲ ಅಪ್ಪ ಅದನ್ನ? ಹತ್ತು ವರ್ಷ ತನ್ನನ್ನ ತಾನೇ ಆಡ್ಕೊಂಡ. ಇನ್ಮೇಲೆ ನಾನೇ ತಾನೇ ಹೇಳ್ಬೇಕು. ನಿನ್ನ ಮುಂದೆ ಒಂದ್ಸಲ ಹೇಳಿ ನೋಡ್ತೀನಿ. ತಪ್ಪಿದ್ರೆ ಹೇಳು. ನಾಳೆ ನೀನು ಮುಂದೆ ಕೂತು ನಗಬೇಕು, ಅಷ್ಟೇ. ನೀನು ನಕ್ರೆ ಎಲ್ರೂ ನಗ್ತಾರೆ.

ಐವತ್ತೇಳನೇ ಇಸವಿ. ಜಂಗಮಕೋಟೆ ಸ್ಕೂಲಿಗೆ ಹೊಸದಾಗಿ ಬಂದ ಚನ್ನಕೇಶವ ಮೇಷ್ಟ್ರಿಗೆ ಹೆಣ್ಣು ನೋಡ್ತಿದ್ರು. ಮೇಷ್ಟ್ರ ತಂದೆ ಈ ಬೆಂಚಿನ ಮೇಲೇ ಬಂದು ಕೂತ್ರು. ನಮ್ಮೋರೇ, ಆದ್ರೆ ಮದ್ದೂರು ಕಡೆಯೋರು, ತೆಲುಗು ಒಂದಕ್ಷರ ಬರಲ್ಲ. ಅಪ್ಪ ಲೆಕ್ಕ ಹಾಕಿಟ್ಟಿದ್ದ. ದೊಡ್ಡೋಳು ನಾನು, ಹುಟ್ಟಿದಾಗಲೇ ಸೋದರಮಾವನಿಗೆ ಅಂತ ಆಗಿತ್ತು, ಗೌರಿಬಿದನೂರಲ್ಲಿ ಹಿಟ್ಟಿನ ಗಿರಣಿ ಇಟ್ಟಿರೋ ಕೋನಪ್ಪ ಮಾವನಿಗೆ. ನೀನು ಓದೋಳು, ನಿಂಗೆ ಮೇಷ್ಟ್ರು. ಇಬ್ರಿಗೂ ಒಂದೇ ಚಪ್ಪರ. ಮೇಷ್ಟ್ರ ತಂದೆ ಏನಪ್ಪಾ ಆವುಲಪ್ಪ, ನಮಗೆ ಹೆಣ್ಣು ಕೊಡ್ತೀಯಾ ಅಂದ್ರು. ಅಪ್ಪ ಎದೆ ಉಬ್ಬಿಸಿ, ಕೊಡದೇ ಏನು ಸ್ವಾಮಿ, ನಿಮಗೆ ಚಿನ್ನಾನೇ ಕೊಡ್ತೀನಿ ಅಂದ! ಅವರಿಗೆ ಬಂಗಾರ ಅಂತ ಕೇಳಿಸ್ತು. ಎದುರಿಗೆ ಲೋಟ ಹಿಡ್ಕೊಂಡು ನಿಂತಿದ್ದೋಳು ನಾನು, ಹೆಸರು ಕೇಳಿದ್ರು, ಅಮ್ಮಾಜಮ್ಮ ಅಂದೆ. ಹುಡುಗಿ ಇವಳೇ, ಮೇಲೆ ಚಿನ್ನ ಬೇರೆ ಅಂದ್ಕೊಂಡು ಊರಿಗೆ ಹೋಗಿ ಒಪ್ಪಿಗೆ ಅಂತ ಕಾಗದ ಬರೆದ್ರು. ಅಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದ್ತಾನೆ, ಅ...ಮ್ಮಾ...ಜ...ಮ್ಮ! ಮಾತು ಕೊಟ್ಟಾಗಿದೆ, ಏನ್ಮಾಡೋದು? ಚಿನ್ನಾನ ಕೊಡ್ತೀನಿ ಅಂದೋನು ಪೆದ್ದಾನ ಕೊಟ್ಟ, ಚಿನ್ನಾನ ಕೋನಪ್ಪ ಮಾವನಿಗೆ ಕೊಟ್ಟ, ಅಮ್ಮನ ಕೊರಳಿನ ಅಡ್ಡಿಕೆ ಕರಗಿಸಿ ನಂಗೆ ಸರಾನೂ ಮಾಡಿಸ್ದ. ನನ್ನ ನಾಲಿಗೆ ಸುಡಲಿ ಅನ್ನೋನು, ಎಲ್ರೂ ಹೊಟ್ಟೆ ಹಿಡ್ಕೊಂಡು ನಗೋರು...

ಇಲ್ಲೇ ಕಣೇ ನಗಬೇಕಾಗಿದ್ದು.

ಯಾಕೆ? ಸರಿಯಾಗಿ ಹೇಳಲಿಲ್ವಾ? ಅಪ್ಪನಂಗೆ ಕಣ್ಣು ಅಗಲಿಸಿ ಹೇಳಬೇಕಿತ್ತೇನೋ. ...ಏನು ಹಂಗೆ ನೋಡ್ತೀಯ? ಹೇಳಿದ್ನಲ್ಲ, ಅಪ್ಪ ಹೇಳ್ತಿದ್ದಂಗೇ ಹೇಳಿದೀನಿ, ಒಂದು ಮಾತು ಹೆಚ್ಚಿಲ್ಲ, ಕಮ್ಮಿ ಇಲ್ಲ. ಕೋನಪ್ಪ ಮಾವನ ವಿಷಯ ಎತ್ತಿದ್ದಕ್ಕಾ? ಮಾವ ಒಳ್ಳೇವ್ರೇ ಕಣೇ. ಮಾತು ಕಮ್ಮಿ, ವಯಸ್ಸು ಸ್ವಲ್ಪ ಹೆಚ್ಚು. ನಿನ್ನ ಎಸ್ಸೆಸ್ಸೆಲ್ಸಿ ನಿಲ್ಲಿಸಬಾರದಿತ್ತು, ಅದೊಂದೇ. ನಮ್ಮನೇಲಿ ನೋಡು, ಮೂರು ಬೀರು ತುಂಬಾ ಪುಸ್ತಕ. ನಿಮ್ಮ ಭಾವ ಓದ್ತಾರೆ, ನಾನು ಧೂಳು ಒರೆಸ್ತೀನಿ. ನೀನು ಬಂದಾಗೆಲ್ಲಾ ಆ ಬೀರು ಮುಂದೆ ನಿಂತ್ಕೋತೀಯಲ್ಲ, ಆಗ ನಾನು ಅಡುಗೆಮನೇಲಿ...

ದ್ಯಾವುಡಾ, ಏನಾದ್ರೂ ಮಾತಾಡೇ.

...ಸರಿ. ಒಂದು ಮಾತು ಬಿಟ್ಟೆ. ಅಪ್ಪಾನೂ ಬಿಡ್ತಿದ್ದ.

ಅಪ್ಪ ಚಿನ್ನಾನೇ ಕೊಡ್ತೀನಿ ಅಂದು ಮಿಷನ್ ಕಡೆ ತಿರುಗ್ದ, ಅವರಿಗೆ ಸೋಡಾ ತುಂಬೋಕೆ. ಆಗ ಮೇಷ್ಟ್ರ ತಂದೆ ನನ್ನ ಕಡೆ ನೋಡಿ ಕೇಳಿದ್ರು, ಮೆತ್ತಗೆ. "ಏನಮ್ಮ, ನಿಮ್ಮಪ್ಪ ಚಿನ್ನ ಅಂದ್ರಲ್ಲ, ಅದೇನು ಒಡವೇನಾ, ಇಲ್ಲಾ ಹುಡುಗಿ ಹೆಸರಾ?" ಅಂತ. ಕೇಳಿದ್ರು ಕಣೇ. ಅವರೇನು ತಪ್ಪು ತಿಳ್ಕೊಂಡಿರಲಿಲ್ಲ. ನನ್ನ ತಂಗಿ ಸ್ವಾಮಿ, ಒಳಗೆ ಓದ್ತಿದಾಳೆ ಅನ್ನಬಹುದಿತ್ತು ನಾನು. ಎಷ್ಟು ಹೊತ್ತಿನ ಕೆಲಸ? ಮೇಷ್ಟ್ರನ್ನ ಬಸ್ ಸ್ಟ್ಯಾಂಡಲ್ಲಿ ಎರಡು ಸಲ ನೋಡಿದ್ದೆ. ಬಿಳೀ ಪಂಚೆ, ಕೈಲಿ ಕೊಡೆ... "ಬಂಗಾರ ಸ್ವಾಮಿ" ಅಂದುಬಿಟ್ಟೆ. "ನಂಗೆ ಬಂಗಾರ ಹಾಕಿ ಕಳಿಸ್ತೀನಿ ಅಂತಿದಾರೆ ಅಪ್ಪ."

ಮಿಷನ್ ಸದ್ದಲ್ಲಿ ಅಪ್ಪನಿಗೆ ಕೇಳಿಸಿಲ್ಲ ಅಂದ್ಕೊಂಡಿದ್ದೆ. ಕಾಗದ ಬಂದ ದಿನ ಅಪ್ಪ ಅದನ್ನ ಮಡಿಸಿ ಜೇಬಲ್ಲಿಟ್ಕೊಂಡು, ನನ್ನ ಇಲ್ಲೇ ಕೂರಿಸ್ಕೊಂಡು, ಒಂದೇ ಒಂದು ಕೇಳ್ದ. "ಆ ಮೇಷ್ಟ್ರು ನಿಂಗಿಷ್ಟಾನಾ ಪೆದ್ದಾ?" ನಾನು ತಲೆ ಎತ್ತಲಿಲ್ಲ, ಹೂಂ ಅಂದೆ. ಎದ್ದು ಹೋಗಿ ಮಿಷನ್ ಒರೆಸ್ದ. ಆಮೇಲೆ, "ಹಂಗಾದ್ರೆ ತಪ್ಪು ನನ್ನ ನಾಲಿಗೇದು ಅಂತ ಹೇಳ್ತೀನಿ, ನೀನು ಬಾಯಿ ಬಿಡಬೇಡ" ಅಂದ. ಅಷ್ಟೇ. ಅವತ್ತಿಂದ ಹೇಳ್ತಾನೇ ಬಂದ. ನಾನು ಅದನ್ನ ಕೇಳ್ಕೊಂಡು, ಎಲ್ರಿಗಿಂತ ಜೋರಾಗಿ ನಗ್ತಾ ಬಂದೆ.

ಚಿನ್ನಾ? ನಿನ್ನ ಮುಖ ಯಾಕೆ ಹಂಗೇ ಇದೆ? ಒಂದಿಷ್ಟೂ ಬದಲಾಗಲಿಲ್ಲ... ಬೈಯಬಹುದಲ್ಲ. ಅಳಬಹುದಲ್ಲ.

...ನಿಂಗೆ ಗೊತ್ತಿತ್ತಾ?

ಅವತ್ತು ನೀನು ಒಳಗೇ ಇದ್ಯಲ್ಲ. ಗೋಣಿಚೀಲದ ಮರೇಲಿ, ಎರಡು ಮಾರು ದೂರದಲ್ಲಿ. ನಾನು ಬಂಗಾರ ಅಂದಿದ್ದು ಕೇಳಿಸ್ಕೊಂಡೆ. ...ಹೂಂ ಅನ್ನೇ, ಇಲ್ಲ ಅನ್ನೇ. ಹತ್ತು ವರ್ಷ ಅಪ್ಪ ಆ ಕಥೆ ಹೇಳಿದಾಗೆಲ್ಲಾ ನೀನೂ ನಕ್ಕಿದೀಯಲ್ಲೇ! ನಿನ್ನ ಮಗೂನ ತೊಡೆ ಮೇಲಿಟ್ಕೊಂಡು ನಗ್ತಿದ್ದೆ. ನಾನು ನಿನ್ನ ನಗು ನೋಡಿ, ಸದ್ಯ, ಇವಳಿಗೇನೂ ಇಲ್ಲ ಅಂತ ನೆಮ್ಮದಿಯಾಗಿ ಊಟ ಮಾಡಿ ಮಲಗ್ತಿದ್ದೆ.

ಅಪ್ಪ ನೋಡ್ತಾನೆ ಅಂತ ನಕ್ಕಿದ್ಯಾ? ಅಪ್ಪ ನೊಂದ್ಕೋತಾನೆ ಅಂತ?

...ಈಗ ನೋಡೋಕೆ ಅವನಿಲ್ಲ.

ಎದ್ದು ಹೋಗಬೇಡ ಕಣೇ, ಕೂತ್ಕೋ. ನನ್ನ ಮಾತು ಕೇಳು. ಕ್ಷಮಿಸು ಅಂತ ಕೇಳೋಕೆ ನಂಗೆ ಬಾಯಿಲ್ಲ, ಕೇಳಲ್ಲ. ನಾಳೆ ನೀನು ನಗೋದೂ ಬೇಡ. ಎಲೆ ಅಡಿಕೆ ಕೈಗೆ ಬಂದಾಗ ಅವರು ಕೇಳ್ತಾರೆ, ನಾನೇ ಎದ್ದು ನಿಂತು ಹೇಳ್ತೀನಿ. ನಿಮ್ಮ ಭಾವನ ಮುಂದೆ, ಕೋನಪ್ಪ ಮಾವನ ಮುಂದೆ, ನನ್ನ ಮಕ್ಕಳ ಮುಂದೆ. ಅವತ್ತು ಈ ಬೆಂಚಿನ ಹತ್ರ ನಮ್ಮಪ್ಪ ಹೇಳಿದ್ದು ಸರಿಯಾಗೇ ಹೇಳಿದ್ದ ಅಂತ.