ಆಳ ನೋಡೋ ಕೋಲು

...ಇಷ್ಟು ಬರೆಯೋಕೆ ನಿನಗೆ ಎರಡು ವರ್ಷ ಬೇಕಾಯ್ತಾ? "ದೋಣಿಯಿಂದ ದಡಕ್ಕಿಳಿದು ಕಾದಾಡುವ ಪಡೆಯ ಕಾಲ ಮುಗಿದಿದೆ." ಆಹಾ! ನಲವತ್ತು ಪುಟದ ವರದಿ! ಇದನ್ನ ಬರೆಸೋಕೆ ನೌಕಾಪಡೆಯವರಿಗೆ ನನ್ನ ತಮ್ಮನ ಮಗಳೇ ಸಿಕ್ಕಿದ್ದಾ? ಯಾಕೆ ನಗ್ತೀಯ? ನಾನೇನು ತಮಾಷೆ ಮಾಡ್ತಿಲ್ಲ.

ಏನಂತೆ, ಆರಾರು ಜನ ಯುದ್ಧಕ್ಕೆ ಮುಂಚೇನೇ ಕದ್ದು ಹೋಗಿ ದ್ವೀಪದಲ್ಲಿ ಅವಿತುಕೊಳ್ಳಬೇಕಂತೆ. ಕೈಯಲ್ಲಿ ಡ್ರೋನು, ಪಕ್ಕದಲ್ಲಿ ಕ್ಷಿಪಣಿ. ಹಡಗು ಕಂಡ್ರೆ ಹೊಡಿ, ಓಡು, ಇನ್ನೊಂದು ಪೊದೆ ಹುಡುಕು. ಥೂ! ಅದು ಸೈನ್ಯವೇನೇ? ಕಣ್ಣಾಮುಚ್ಚಾಲೆ! ನಿನ್ನ ಕ್ಷಿಪಣಿ ಊರು ಕಾಯುತ್ತಾ? ಬಾಗಿಲು ತಟ್ಟಿ "ಒಳಗೆ ಯಾರಿದ್ದೀರಿ" ಅಂತ ಕೇಳುತ್ತಾ?

ಹೂಂ, ಗೊತ್ತು, ಗೊತ್ತು. ದೊಡ್ಡ ಹಡಗು ಈಗ ನೂರಾರು ಮೈಲಿಯಿಂದಲೇ ಕಾಣುತ್ತೆ, ದೋಣಿ ದಡ ಮುಟ್ಟೋದ್ರೊಳಗೆ ಪುಡಿಪುಡಿ. ಓದಿದೆ. ದೋಣಿ ನಡೆಸಿದವನು ಅಂತ ದಡ್ಡ ಅಂದ್ಕೋಬೇಡ ಕಣಮ್ಮ.

ನಾವು ಇಳಿದ ಬೆಳಿಗ್ಗೆ ನೋಡಬೇಕಿತ್ತು ನೀನು! ಶತ್ರುಗಳು ಇನ್ನೂ ಹಾಸಿಗೇಲಿ. ಒಂದು ಗುಂಡು... ಒಂದೇ ಒಂದು ಗುಂಡು ಹಾರಲಿಲ್ಲ. ಒಂಬತ್ತು ಗಂಟೆಗೆಲ್ಲ ದ್ವೀಪ ನಮ್ಮ ಕೈಯಲ್ಲಿ! ನಿನ್ನ ಪೊದೆಯವರ ಕೈಲಿ ಆಗುತ್ತಾ ಇದು?

ಮತ್ತೆ ಈ ಇಪ್ಪತ್ತೆರಡನೇ ಪುಟ. "ಆ ದ್ವೀಪದ ದಾಳಿಯಲ್ಲಿ ಹನ್ನೊಂದು ಜನರ ಸಾವಿಗೆ ಕಾರಣ ಸ್ಪಷ್ಟವಿಲ್ಲ." ಹೊಡೆದು ಹಾಕು ಅದನ್ನ! ಅವರಲ್ಲಿ ನಿಮ್ಮಪ್ಪನೂ ಒಬ್ಬ. ಗುಂಡಿಗೆ ಎದೆ ಕೊಟ್ಟ ಅಂತ ಬರಿ. ನನ್ನ ದೋಣಿಯಿಂದಾನೇ ಇಳಿದ, ನನ್ನ ಕಣ್ಣೆದುರೇ...

ಏನು ಹಾಗೆ ನೋಡ್ತೀಯ?

ಗುಂಡಾ? ಆಮೇಲೆ ಬಂತು. ಸ್ವಲ್ಪ ಬಂತು... ಹಾರಲೇ ಇಲ್ಲ ಅಂದಿದ್ದು ಸುಮ್ನೆ, ಮಾತಿಗೆ. ಪೆನ್ನು ಕೆಳಗಿಡು ಮೊದಲು! ಆ ಗದ್ದಲದಲ್ಲಿ ಯಾರಿಗೆ ಏನು ನೆನಪಿರುತ್ತೆ? ದೋಣಿ ಮರಳಿಗೆ ತಾಗ್ತು, ದಡ ಅಂದ್ಕೊಂಡೆ, ಹುಡುಗರು ಇಳಿಯಲಿ ಅಂತ ದೋಣಿ ಮೂತಿಯ ಬಾಗಿಲು ಬೀಳಿಸಿದೆ. ಯಾರಾದ್ರೂ ಹಾಗೇ ಮಾಡ್ತಿದ್ರು. ಅಷ್ಟು ಅವಸರದಲ್ಲಿ ಯಾವನು ಕೋಲಿಳಿಸಿ ಆಳ ನೋಡ್ತಾನೆ?

...ಕೋಲಿನ ವಿಷಯ ನೀನು ಕೇಳಲೇ ಇಲ್ಲ, ಅಲ್ವಾ?

ಏನಾದ್ರೂ ಅನ್ನು. ಬೈಯಿ. ದೊಡ್ಡಪ್ಪ ಅಂತಾದ್ರೂ ಅನ್ನು.

ಅದನ್ನ ನೋಡಬೇಡ. ಕಿಟಕಿ ಪರದೆ ನೇತುಹಾಕೋಕೆ ಇಟ್ಕೊಂಡಿದ್ದೀನಿ, ಅಷ್ಟೇ. ಹೌದು, ಅಡಿಗೊಂದು ಕೆಂಪು ಪಟ್ಟೆ. ಅದೇ ಕೋಲು. ನಾವು ತಾಗಿದ್ದು ಬರೀ ಮರಳದಿಬ್ಬ ಕಣೇ, ದಡ ಇನ್ನೂ ಆಚೆ ಇತ್ತು. ಮಧ್ಯೆ ಎರಡಾಳುದ್ದ ನೀರು. ಒಬ್ಬೊಬ್ಬರ ಬೆನ್ನ ಮೇಲೆ ಮೂವತ್ತು ಕಿಲೋ. "ಇಳೀರೋ" ಅಂತ ಕೂಗಿದ್ದು ನಾನೇ. ನಿಮ್ಮಪ್ಪ ಬಾಗಿಲ ಹತ್ರ ನಿಂತು ಕೇಳಿದ, "ಅಣ್ಣ, ಕೋಲು ಹಾಕಿ ನೋಡಿದ್ಯಾ?" ಅಂತ.

"ನೋಡಿದೆ" ಅಂದೆ.

ನೋಡ್ಕೋ, ಬಣ್ಣ ಇನ್ನೂ ಹೊಸದು. ಆವತ್ತು ಅದು ಒದ್ದೆಯೇ ಆಗಲಿಲ್ಲ.