ಭುಜಂಗ ಮಾಸ್ಟ್ರ ಕೊನೆಯ ಕ್ಲಾಸು

ಎಲ್ಲರಿಗೂ ನಮಸ್ಕಾರ. ವಿಜೇತಾ ಅಕ್ಕ, ಮನೆಯವರೇ, ರಕ್ಷಕರೇ, ಮಕ್ಕಳೇ — ನಮ್ಮ ಶಾಲೆಯ ವಿಜ್ಞಾನದ ಮಾಸ್ಟ್ರು ಭುಜಂಗ ಅವರು ಕಳೆದ ಶುಕ್ರವಾರ ತೀರಿಕೊಂಡರು. ಅವರೊಟ್ಟಿಗೆ ಇಪ್ಪತ್ತು ವರ್ಷ ಇಲ್ಲಿ ಗಣಿತ ಪಾಠ ಮಾಡಿದವನು ನಾನು. ಎರಡು ಮಾತು ಹೇಳಬೇಕೆಂದು ಹೆಡ್‌ಮಾಸ್ಟ್ರ ಅಪ್ಪಣೆ.

ಹೊಗಳುವುದು ನನಗೆ ಬರುವುದಿಲ್ಲ. ಹೊಗಳಿದರೆ ಭುಜಂಗರಿಗೆ ಆಗುತ್ತಲೂ ಇರಲಿಲ್ಲ. "ಮಾಸ್ಟ್ರೇ, ನೀವು ಒಳ್ಳೆಯವರು" ಅಂದರೆ, "ಕಂಡದ್ದಾ, ಕೇಳಿದ್ದಾ?" ಎನ್ನುವ ಜನ. ಮಕ್ಕಳಿಗೂ ಅದೇ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಅಂದರೂ — ಕಂಡದ್ದಾ, ಕೇಳಿದ್ದಾ? ಎಲ್ಲಿ ಕಂಡದ್ದು, ಯಾರಿಂದ ಕೇಳಿದ್ದು, ಅಷ್ಟು ಹೇಳದೆ ಕೂತುಕೊಳ್ಳುವ ಹಾಗಿಲ್ಲ. ಸ್ಟಾಫ್ ಮೀಟಿಂಗಿನಲ್ಲಿಯೂ ಬಿಡುತ್ತಿರಲಿಲ್ಲ. ನನಗೆ ಬಸ್ಸು ತಪ್ಪಿ ಕೋಪ ಬರುತ್ತಿತ್ತು — ಅದನ್ನೂ ಹೇಳಬೇಕಲ್ಲ.

ಈಗ ಊರಿನಲ್ಲಿ ಒಂದು ಮಾತು ಓಡಾಡುತ್ತಾ ಉಂಟು. ಒಂಬತ್ತನೆಯ ಕ್ಲಾಸಿನ ಹುಡುಗಿ ಎದುರು ಮಾತಾಡಿದಳು, ಮಾಸ್ಟ್ರಿಗೆ ಬಿಪಿ ಏರಿತು, ಸಂಜೆ ಹೋದರು — ಅಂತ. ಹುಡುಗಿಯ ಹೆಸರು ಮುಚ್ಚಿಟ್ಟು ಎಂತ ಪ್ರಯೋಜನ, ಊರಿಗೇ ಗೊತ್ತುಂಟು. ಸಫ್ನಾ. ಅಗೋ, ತಾಯಿ ಮರಿಯುಮ್ಮನವರ ಹತ್ತಿರ ಕೂತಿದ್ದಾಳೆ. ಆ ದಿನದಿಂದ ಕ್ಲಾಸಿನಲ್ಲಿ ಬಾಯಿ ಬಿಟ್ಟಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಾಳೆ, ಅಷ್ಟೆ.

ಸರಿ. ಕಂಡದ್ದೆಷ್ಟು, ಕೇಳಿದ್ದೆಷ್ಟು — ನೋಡುವ.

ಶುಕ್ರವಾರ ಮಧ್ಯಾಹ್ನ ಭುಜಂಗರು, ಕಡಲಿಗೆ ಹತ್ತಿರದ ಬಾವಿಯೇ ಮೊದಲು ಉಪ್ಪಾಗುವುದು ಎಂದು ಪಾಠ ಮಾಡಿದರು. ಸಫ್ನಾ ಎದ್ದು ನಿಂತು, "ಸರ್, ಕಂಡದ್ದಾ, ಕೇಳಿದ್ದಾ?" ಎಂದಳಂತೆ. "ಶಿರಿಯದಲ್ಲಿ ನಮ್ಮ ಬಾವಿ ಕಡಲಿಗೆ ಹತ್ತಿರ, ನೀರು ಸಿಹಿ ಉಂಟು. ಆಚೆ ಮನೆಯದ್ದು ದೂರ, ಉಪ್ಪು. ಅವರು ಇಡೀ ದಿನ ಪಂಪು ಹಾಕುತ್ತಾರೆ." ಇದು ಭುಜಂಗರು ನನಗೆ ಹೇಳಿದ್ದು. ಹಾಗಾಗಿ — ಕೇಳಿದ್ದು.

ಮುಂದಿನದು ಕಂಡದ್ದು. ಸ್ಟಾಫ್ ರೂಮಿಗೆ ಬಂದವರು ಕೂತುಕೊಳ್ಳಲೇ ಇಲ್ಲ. ಮೇಜಿಗೆ ಕೈ ಬಡಿದು — ಹೀಗೆ — "ಮಾರಾಯ, ಸಿಕ್ಕಿಬಿದ್ದೆ! ನನ್ನ ಪ್ರಶ್ನೆಯನ್ನು ನನಗೇ ಕೇಳಿದ್ದು ಇವಳೊಬ್ಬಳೇ" ಎಂದರು. ಅವರು ಅಷ್ಟು ನಕ್ಕದ್ದನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ. "ನಾಳೆ ಶಿರಿಯಕ್ಕೆ ಹೋಗಿ ಎರಡೂ ಬಾವಿಯ ನೀರು ಕುಡಿದು ನೋಡುವ, ನೀನೂ ಬಾ" ಎಂದರು. ಸಂಜೆ ಮನೆಯ ಮೆಟ್ಟಿಲಲ್ಲಿ ಕುಸಿದರು. ಹೃದಯದಲ್ಲಿ ಬ್ಲಾಕ್ ಮೊದಲೇ ಇತ್ತು, ಆಪರೇಷನ್ ಮುಂದೆ ಹಾಕುತ್ತಾ ಬಂದಿದ್ದರು. ಇದು ಮಾಸ್ಟ್ರ ಹೆಂಡತಿ ವಿಜೇತಾ ಅಕ್ಕ ಹೇಳಿದ್ದು. ಸಭೆಯಲ್ಲಿ ಹೇಳಿ ಎಂದವರೂ ಅವರೇ.

ಹುಡುಗಿಯ ಮಾತಿನಿಂದ ಮಾಸ್ಟ್ರು ಹೋದದ್ದನ್ನು ಕಂಡವರು ಯಾರಾದರೂ ಇದ್ದರೆ ಕೈ ಎತ್ತಿ.

— ಇಲ್ಲ.

ನನಗೆ ಬೇಸರ ಉಂಟು. ತುಂಬ ಉಂಟು. ಆದರೆ ಪ್ರಶ್ನೆ ಕೇಳಲು ಕಲಿಸಿದವರ ಹೆಸರು ಹೇಳಿ ಒಂದು ಮಗುವಿನ ಬಾಯಿ ಮುಚ್ಚಿಸುವುದನ್ನು ನೋಡಿಕೊಂಡು ಕೂರಲು ನನ್ನಿಂದ ಆಗುವುದಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಭುಜಂಗ ಮಾಸ್ಟ್ರಿಗಾಗಿ ಒಂದು ನಿಮಿಷ ಮಾತಿಲ್ಲದೆ ಇರುವ — ಒಂದೇ ನಿಮಿಷ. ಸಫ್ನಾ, ನೀನೂ ನಿಲ್ಲು ಮಗಾ. ಆ ನಿಮಿಷ ಮುಗಿದ ಮೇಲೆ ನೀನು ಮಾತ್ರ ಸುಮ್ಮನಿರಬಾರದು.