ಮೇಲಕ್ಕೆ ಬಿಟ್ಟ ಮೀನು

ಯೂಕಾನ್ ನದಿ ದಡದ ಊರಿನಲ್ಲಿ ವಿಮಾನಕ್ಕೆ ಕಾಯುತ್ತ ಕೂತಿದ್ದ ಲೊರೇನಳಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಮೊನ್ನೆಯಷ್ಟೇ ಗಂಡನನ್ನು ಮಣ್ಣು ಮಾಡಿದ ಯೂಡೋರಾ ಅಲ್ಲಿ ಕೂತಿದ್ದಳು, ಮಗಳ ಊರಿಗೆ ಹೊರಟಿದ್ದಳು. ಕಳಿಸಲು ಬಂದಿದ್ದ ತಮ್ಮನ ಮಗ ಕ್ಲೆಮ್‌ನದು, ಹೊಳೆಗೆ ಅಡ್ಡ ಬೇಲಿ ಹಾಕಿ ಸಾಲ್ಮನ್ ಮೀನು ಎಣಿಸಿ ಹೊಳೆಯ ಮೇಲಕ್ಕೆ ಬಿಡುವ ಸರ್ಕಾರಿ ಕೆಲಸ.

“ಹೊಳೆ ಮೀನು ಬಡಿಸ್ಬೇಕಾದ ಸಾವಿನೂಟಕ್ಕೆ ಅಂಗಡಿ ಕೋಳಿ ಬಡಿಸ್ದೆ ಕಣೋ.”

“ಎಲ್ಲರ ಮನೇಲೂ ಅದೇ ಅತ್ತೆ. ಮೀನು ಕಮ್ಮಿ ಆಗಿದೆ ಅಂತ ಸಾಲ್ಮನ್ ಹಿಡಿಯೋ ಹಾಗಿಲ್ವಲ್ಲ.”

“ನಿಮ್ಮ ಮಾವ ಕೊನೇಲಿ ಕೇಳಿದ್ದು ಒಂದೇ ತುಂಡು ಮೀನು. ನೀನು ಬೇಲಿ ಬಾಗಿಲು ತೆಗ್ದು ಮೀನನ್ನ ಮೇಲಕ್ಕೆ ಬಿಡ್ತಾ ಕೂತಿದ್ದೆ.”

“ಮೊಟ್ಟೆ ಇಡೋಕೆ ಹೋಗೋ ಮೀನು. ಅದನ್ನೂ ತಿಂದ್ರೆ ಆಮೇಲೆ ಏನುಳಿಯುತ್ತೆ?”

“ಕಡಲಲ್ಲಿ ಹಡಗಿನೋರು ಬೇರೆ ಮೀನಿನ ಜೊತೆ ಇವನ್ನೂ ಬಲೇಲಿ ಬಾಚಿ, ಸತ್ತದ್ದನ್ನ ಎಸೀತಾರಲ್ಲ. ಅವ್ರಿಗೆ ಹೇಳಿದ್ಯಾ?”

“ನನ್ನ ಮಾತು ಅವ್ರು ಕೇಳ್ತಾರಾ ಅತ್ತೆ?”

“ನಾನು ಕೇಳ್ತೀನಿ. ಅದಕ್ಕೇ ನನಗೆ ಹೇಳ್ತೀಯ.”



“ಈ ಸಲ ಮೀನು ಸ್ವಲ್ಪ ಜಾಸ್ತಿ ಬಂದಿವೆ.”

“ಬರ್ಲಿ. ಅವು ಹೊಳೆ ತುಂಬೋ ಹೊತ್ತಿಗೆ ಈ ಊರಲ್ಲಿ ಯಾರಿರ್ತಾರೋ.”

ವಿಮಾನ ಇಳಿಯಿತು. ಕ್ಲೆಮ್ ಅತ್ತೆಯ ಚೀಲ ಎತ್ತಲು ಕೈ ಚಾಚಿದ.

“ಬಿಡು. ಹೋಗಿ ನಿನ್ನ ಮೀನು ನೋಡ್ಕೊ.”

ಚೀಲವನ್ನು ತಾನೇ ಎತ್ತಿಕೊಂಡು ಅವಳು ಹೊರನಡೆದಳು. ಅವನು ಬರಿಗೈಯಲ್ಲಿ ಹಿಂದೆ ಹಿಂದೆ ಹೋದ.